ಜರ್ಮನ್ ಪಾಠದಲ್ಲಿ ನವಲಗುಂದದ ಹುಡುಗಿಗೆ ಜಾಗವೆಲ್ಲಿ?

ನವಲಗುಂದ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಹಳೆಯ ವಿದ್ಯಾರ್ಥಿಗಳು ಮನೆಗೆ ಬರುವುದು ಹೆಚ್ಚಾಗಿ ಮದುವೆಯ ಕಾರ್ಡು ಕೊಡಲಿಕ್ಕೆ, ಇಲ್ಲವೆ ಯಾವುದೋ ಅರ್ಜಿ ಬರೆಸಿಕೊಳ್ಳಲಿಕ್ಕೆ. ಕಳೆದ ಮಳೆಗಾಲದಲ್ಲಿ ಬಂದ ಹುಡುಗಿಯೊಬ್ಬಳ ಕೈಯಲ್ಲಿ ಮಾತ್ರ ಒಂದು ಜರ್ಮನ್ ಪುಸ್ತಕವಿತ್ತು. ಜಮಖಾನಾ ನೇಯುವ ಮನೆಯವಳು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಿ, ಜರ್ಮನಿಗೆ ಹೋಗುವ ಆಸೆಯಿಂದ ಅಲ್ಲಿಯೇ ಒಂದು ಖಾಸಗಿ ಕ್ಲಾಸಿಗೆ ಸೇರಿದ್ದಳು.

"ಸರ್, ನೀವು ಹಿಂದಕ್ಕ ಜರ್ಮನ್ ಕಲ್ತಿದ್ರಂತಲ್ರಿ. ಇದು ನನಗ ತಲೀಗೆ ಹೋಗವಲ್ದು ನೋಡ್ರಿ" ಎಂದಳು.

ನಾನು ಜರ್ಮನ್ ಪಂಡಿತನೇನಲ್ಲ. ಧಾರವಾಡದಲ್ಲಿ ಎಂ.ಎ. ಓದುವಾಗ ಕಿಟೆಲ್ ನಿಘಂಟಿನ ಮೋಹಕ್ಕೆ ಬಿದ್ದು ಎರಡು ವರ್ಷ ಸಂಜೆ ಪಾಠಕ್ಕೆ ಹೋದವನು ಅಷ್ಟೆ. ಆದರೂ ಆಕೆ ತಂದ ಪುಸ್ತಕವನ್ನೂ, ಆಮೇಲೆ ತರಿಸಿಕೊಂಡ ಇನ್ನೆರಡನ್ನೂ ಒಂದು ತಿಂಗಳು ಓದಿದೆ. ಈ ಲೇಖನ ಆ ಓದಿನ ಫಲ.

ಇದು ಒಬ್ಬ ಹುಡುಗಿಯ ಮಾತಲ್ಲ. ಜರ್ಮನಿಯಲ್ಲಿ ಮುದುಕರು ಹೆಚ್ಚಿದ್ದಾರೆ, ಆರೈಕೆಗೆ ಕೈ ಸಾಲದು. 2020ರ ಮಾರ್ಚಿನಲ್ಲಿ ಜಾರಿಗೆ ಬಂದ ಅಲ್ಲಿನ ವಲಸೆ ಕಾನೂನು ಕಸುಬು ಬಲ್ಲ ಹೊರಗಿನವರಿಗೆ ಬಾಗಿಲನ್ನು ಅಗಲ ಮಾಡಿತು. 2021ರ ಡಿಸೆಂಬರಿನಲ್ಲಿ ಕೇರಳ ಸರ್ಕಾರದ ನೋರ್ಕಾ ಸಂಸ್ಥೆ ನರ್ಸ್‌ಗಳನ್ನು ಕಳಿಸಲು ಜರ್ಮನಿಯೊಡನೆ ಒಪ್ಪಂದ ಮಾಡಿಕೊಂಡಿತು. ಆ ಗಾಳಿ ಈಗ ನಮ್ಮ ಕಡೆಗೂ ಬೀಸಿದೆ. ಪೂರ್ಣ ನರ್ಸ್ ಎಂದು ಅಲ್ಲಿ ಮಾನ್ಯತೆ ಸಿಗಬೇಕಾದರೆ ಸಾಮಾನ್ಯವಾಗಿ ಬಿ-2 ಮಟ್ಟದ ಜರ್ಮನ್ ಬೇಕು. ಅದರ ಮೊದಲ ಮೆಟ್ಟಿಲು ಎ-1. ಗೊಯ್ಟೆ ಸಂಸ್ಥೆಯ ಎ-1 ಪದಪಟ್ಟಿಯಲ್ಲಿರುವುದು ಸುಮಾರು 650 ಪದಗಳು. ಆರುನೂರೈವತ್ತು ಪದಗಳಲ್ಲಿ ಒಂದು ಲೋಕ ಕಟ್ಟಬೇಕೆಂದರೆ ಯಾವುದನ್ನು ಒಳಗೆ ಬಿಡುತ್ತೀರಿ, ಯಾವುದನ್ನು ಹೊರಗೆ ನಿಲ್ಲಿಸುತ್ತೀರಿ? ಪಠ್ಯದ ರಾಜಕಾರಣ ಶುರುವಾಗುವುದು ಇಲ್ಲಿಂದಲೇ.

ಮೊದಲು ಒಳ್ಳೆಯದನ್ನು ಹೇಳಬೇಕು. ಇತ್ತೀಚಿನ ಜರ್ಮನ್ ಪುಸ್ತಕಗಳು ಚಿತ್ರಗಳ ವಿಷಯದಲ್ಲಿ ಬಹಳ ಎಚ್ಚರ ವಹಿಸುತ್ತವೆ. ಜರ್ಮನಿಯೆಂದರೆ ಹಳದಿ ಕೂದಲಿನ ಬಿಳಿಯರು ಮಾತ್ರ ಎಂಬ ಭಾವನೆ ಅವುಗಳಲ್ಲಿಲ್ಲ. ತುರ್ಕಿ ಹೆಸರಿನ ಹುಡುಗ, ಅರಬ್ ಹೆಸರಿನ ಡಾಕ್ಟರು, ಆಫ್ರಿಕಾ ಮೂಲದ ನೆರೆಮನೆಯಾಕೆ, ಗಾಲಿ ಕುರ್ಚಿಯಲ್ಲಿ ಕೂತು ಆಫೀಸು ಕೆಲಸ ಮಾಡುವವನು, ಅಡಿಗೆ ಮಾಡುವ ಗಂಡ, ತಲೆವಸ್ತ್ರ ತೊಟ್ಟ ವಿದ್ಯಾರ್ಥಿನಿ ಇಂಥವರು ಅಲ್ಲಲ್ಲಿ ಬಂದು ಹೋಗುತ್ತಾರೆ. 1955ರಲ್ಲಿ ಶುಲ್ಟ್ಸ್ ಮತ್ತು ಗ್ರೀಸ್‌ಬಾಖ್ ಬರೆದ, ಬಹುಕಾಲ ದೇಶದೇಶಗಳಲ್ಲಿ ನಡೆದ ಪುಸ್ತಕದ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ದಾರಿ. ಈ ಬದಲಾವಣೆ ಪುಕ್ಕಟೆ ಬಂದದ್ದಲ್ಲ. 1961ರ ಅಕ್ಟೋಬರಿನ ಒಪ್ಪಂದದ ಮೇಲೆ ದುಡಿಯಲು ಹೋದ ತುರ್ಕರ ಮಕ್ಕಳು, ಮೊಮ್ಮಕ್ಕಳು ಅಲ್ಲಿಯ ಶಾಲೆಯಲ್ಲಿ ಕೂತು, ನಮ್ಮ ಮುಖ ಎಲ್ಲಿ ಎಂದು ಕೇಳಿದ್ದರಿಂದ ಬಂದದ್ದು.

ಅಲ್ಲಿಯೂ ಎಲ್ಲ ಸರಿಹೋಗಿದೆ ಎಂದಲ್ಲ. ಬ್ರೌನ್‌ಶ್ವೈಗ್ ನಗರದಲ್ಲಿ ಪಠ್ಯಪುಸ್ತಕಗಳನ್ನೇ ಅಧ್ಯಯನ ಮಾಡುವ ಗೇಯೋರ್ಗ್ ಎಕರ್ಟ್ ಸಂಸ್ಥೆ ಇದೆ. ಅದು 2011ರಲ್ಲಿ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್, ಸ್ಪೇನ್, ಇಂಗ್ಲೆಂಡಿನ ಶಾಲಾ ಪಠ್ಯಗಳಲ್ಲಿ ಇಸ್ಲಾಮಿನ ಚಿತ್ರಣ ಹೇಗಿದೆಯೆಂದು ನೋಡಿತು. ಮುಸ್ಲಿಮರೆಂದರೆ ಯುರೋಪಿನ ಹೊರಗಿನ, ಆಧುನಿಕತೆಗೆ ಒಗ್ಗದ, ಒಳಭೇದಗಳೇ ಇಲ್ಲದ ಒಂದು ಗುಂಪು ಎಂಬಂತೆ ಆ ಪುಸ್ತಕಗಳು ತೋರಿಸುತ್ತಿದ್ದವು. 2015ರಲ್ಲಿ ಅದೇ ಸಂಸ್ಥೆ ವಲಸೆಯ ಕುರಿತ ಪಾಠಗಳನ್ನು ಪರಿಶೀಲಿಸಿದಾಗ, ವಲಸೆ ಬಂದವರು ಹೆಚ್ಚಾಗಿ ಸಮಸ್ಯೆ, ಸಂಘರ್ಷ ಎಂಬ ಹೆಸರಿನಲ್ಲೇ ಕಾಣಿಸಿಕೊಂಡಿದ್ದರು. ಇನ್ನು ತಲೆವಸ್ತ್ರದ ಮಾತು. ಪುಸ್ತಕದ ಚಿತ್ರದಲ್ಲಿ ಅದಕ್ಕೆ ಜಾಗವಿದೆ. ಆದರೆ ಅದನ್ನು ತೊಟ್ಟ ಶಿಕ್ಷಕಿ ತರಗತಿಯಲ್ಲಿ ನಿಲ್ಲಬಹುದೇ ಎಂಬ ಪ್ರಶ್ನೆ ಅಲ್ಲಿಯ ಸಂವಿಧಾನ ನ್ಯಾಯಾಲಯದವರೆಗೆ 2003ರಲ್ಲಿ ಒಮ್ಮೆ, 2015ರಲ್ಲಿ ಇನ್ನೊಮ್ಮೆ ಹೋಗಬೇಕಾಯಿತು. ಎರಡನೆಯ ಸಲ, ಎಲ್ಲರಿಗೂ ಅನ್ವಯಿಸುವಂಥ ಸಾರಾಸಗಟು ನಿಷೇಧ ಸಲ್ಲದು ಎಂದು ನ್ಯಾಯಾಲಯ ಹೇಳಿತು. 2022ರಲ್ಲಿ ನಮ್ಮ ರಾಜ್ಯದ ಕಾಲೇಜು ಗೇಟುಗಳ ಮುಂದೆ ನಡೆದದ್ದನ್ನು ಕಂಡವರಿಗೆ ಚಿತ್ರಕ್ಕೂ ಬಾಗಿಲಿಗೂ ಇರುವ ಈ ಅಂತರವನ್ನು ವಿವರಿಸಿ ಹೇಳಬೇಕಾಗಿಲ್ಲ.

ಹೀಗಿದ್ದೂ, ಚಿತ್ರದ ಮಟ್ಟಿಗೆ ನನ್ನ ತಕರಾರು ಕಡಿಮೆ. ಹುಡುಗಿಗಿದ್ದ ತೊಡಕೂ ಬೇರೆಯೇ ಇತ್ತು. ಹೋಟೆಲಿನ ಪಾಠವೊಂದರಲ್ಲಿ ಒಬ್ಬರು ಗಿರಾಕಿ, ಒಬ್ಬರು ಮಾಣಿ ಆಗಿ ಮಾತಾಡಬೇಕು. ಪುಸ್ತಕದ ಗಿರಾಕಿ ಹಂದಿಮಾಂಸದ ಹುರಿಗಡುಬು ಕೇಳುವುದಿಲ್ಲವಾದರೂ ಬೀರು ಕೇಳುತ್ತಾನೆ. "ನಾನೂ ಹಂಗ ಅನಬೇಕೇನ್ರಿ?" ಎಂದು ಆಕೆ ಕ್ಲಾಸಿನಲ್ಲಿ ಕೇಳಿದಾಗ ಎಲ್ಲರೂ ನಕ್ಕರಂತೆ. ಇದನ್ನು ನಾನು ದೊಡ್ಡದು ಮಾಡುವುದಿಲ್ಲ. ಪದ ಕಲಿತ ಮಾತ್ರಕ್ಕೆ ಯಾರೂ ಕುಡಿದಂತಾಗುವುದಿಲ್ಲ. ನಾಳೆ ಆಸ್ಪತ್ರೆಯಲ್ಲಿ ರೋಗಿ ಏನು ಕುಡಿದು ಬಂದನೆಂದು ತಿಳಿಯಲಿಕ್ಕಾದರೂ ನರ್ಸಿಗೆ ಆ ಪದ ಬೇಕು. ನವಲಗುಂದದ ಲಿಂಗಾಯತರ ಹುಡುಗನಿಗೂ ಮಾಂಸದ ಪಾಠದಲ್ಲಿ ಇದೇ ಇರಿಸುಮುರಿಸು. ನನಗೆ ಸರಿಯೆನಿಸದ್ದು ಮುಂದಿನ ಅಭ್ಯಾಸ. ನಿನಗೆ ಯಾವ ಊಟ ಇಷ್ಟ ಎಂದು ಕೇಳಿ, ಉತ್ತರಕ್ಕೆ ಆರು ತಿನಿಸಿನ ಚಿತ್ರ ಕೊಟ್ಟಿದ್ದಾರೆ. ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ ತಿಂದು ಬೆಳೆದವಳು ಆ ಆರರಲ್ಲಿ ಒಂದನ್ನು ಇಷ್ಟಪಡಲೇಬೇಕು. ಅಂದರೆ ಆಕೆ ಪರಭಾಷೆಯಲ್ಲಿ ಆಡುವ ಮೊದಲ ಮಾತೇ ಸುಳ್ಳು.

ಮನೆಯ ಪಾಠವೂ ಹಾಗೆಯೇ. ಫ್ಲ್ಯಾಟಿನ ನಕ್ಷೆ ಕೊಟ್ಟು ಯಾವ ಸಾಮಾನು ಎಲ್ಲಿದೆ ಹೇಳಿ ಎನ್ನುತ್ತಾರೆ. ಸೋಫಾ, ಕಪಾಟು, ಬಾಲ್ಕನಿ ಎಲ್ಲ ಉಂಟು. ಆಕೆ ನಕ್ಷೆಯ ಮೇಲೆ ಬೆರಳಿಟ್ಟು, "ಇದರಾಗ ಮಗ್ಗ ಎಲ್ಲೆ ನಿಂದರಸೂದ್ರಿ?" ಎಂದಳು. ನವಲಗುಂದದ ಜಮಖಾನಾ ಮಗ್ಗ ನೆಲಕ್ಕೆ ಹಾಸುವಂಥದ್ದಲ್ಲ, ಗೋಡೆಯಂತೆ ನೆಟ್ಟಗೆ ನಿಲ್ಲುವಂಥದ್ದು. ಅದರ ಮುಂದೆ ಹೆಣ್ಣುಮಕ್ಕಳು ಕೂತು, ಪಂಜಾದಿಂದ ನೂಲನ್ನು ಬಡಿದು ಕೂಡಿಸುತ್ತ ನವಿಲು, ಪಗಡೆ ಹಾಸಿನ ಚಿತ್ತಾರ ಎಬ್ಬಿಸುತ್ತಾರೆ. ಮನೆಯೊಳಗೆ ಎಲ್ಲಕ್ಕಿಂತ ದೊಡ್ಡ ಸಾಮಾನು ಅದು.

ಈ ಬಗೆಯ ಕೊರತೆಗೆ ಜರ್ಮನರೇ ಹಿಂದೊಮ್ಮೆ ಒಂದು ತಮಾಷೆಯ ಪರಿಹಾರ ಕಂಡುಕೊಂಡಿದ್ದರು. 1987ರಲ್ಲಿ ಬಂದ ‘ಸ್ಪ್ರಾಖ್‌ಬ್ರ್ಯೂಕೆ’ (ಭಾಷೆಯ ಸೇತುವೆ ಎಂದರ್ಥ) ಪುಸ್ತಕದಲ್ಲಿ ಲೀಲಾಲ್ಯಾಂಡ್ ಎಂಬ ಇಲ್ಲದ ದೇಶವೊಂದಿದೆ. ಜಗತ್ತಿನ ಯಾವ ದೇಶದ ವಿದ್ಯಾರ್ಥಿಯೂ ಆ ಕಲ್ಪಿತ ದೇಶವನ್ನು ನಡುವೆ ಇಟ್ಟುಕೊಂಡು, ಜರ್ಮನಿ ಹೀಗೆ, ನಮ್ಮಲ್ಲಿ ಹೀಗೆ ಎಂದು ಹೋಲಿಸಿ ಮಾತಾಡಲಿ ಎಂಬುದು ಅದರ ಆಶಯ. ಚತುರ ಉಪಾಯ. ಆದರೆ ಎಲ್ಲರ ಊರಿಗೆ ಬದಲಾಗಿ ಬಂದ ಆ ಊರು ಯಾರ ಊರೂ ಆಗಲಿಲ್ಲವೆಂದು ನನಗನಿಸುತ್ತದೆ. ನವಲಗುಂದವನ್ನು ಪುಸ್ತಕದೊಳಗೆ ತರಲಿಕ್ಕೆ ಮ್ಯೂನಿಕ್ಕಿನ ಪ್ರಕಾಶಕನಿಗೆ ಆಗುವುದಿಲ್ಲ, ನಿಜ. ಹುಬ್ಬಳ್ಳಿಯ ಮೇಷ್ಟರಿಗೆ ಆಗಬಹುದಲ್ಲ? ಕ್ಲಾಸಿನಲ್ಲಿ ನಕ್ಷೆಯ ಬದಲು ಖಾಲಿ ಹಾಳೆ ಕೊಟ್ಟು, ನಿಮ್ಮ ನಿಮ್ಮ ಮನೆ ಬರೆಯಿರಿ ಅಂದರೆ ಸಾಕಿತ್ತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆಕೆಗೆ ತಲೆಗೆ ಹೋಗದಿದ್ದ ಪಾಠ ಯಾವುದೆಂದು ನೋಡಿದೆ. ‘ನನಗೆ ಚಳಿಯಾಗುತ್ತಿದೆ’ ಎಂಬುದಕ್ಕೆ ಜರ್ಮನಿನಲ್ಲಿ ‘ಮೀರ್ ಇಸ್ಟ್ ಕಾಲ್ಟ್’ ಎನ್ನುತ್ತಾರೆ. ‘ಮೀರ್’ ಅಂದರೆ ‘ನನಗೆ’. ನೇರಾನೇರ ಕನ್ನಡದ ರೀತಿಯೇ! ಆದರೆ ಕ್ಲಾಸಿನ ನೋಟ್ಸು ಇಂಗ್ಲಿಷಿನಲ್ಲಿದೆ. ಇಂಗ್ಲಿಷಿನಲ್ಲಿ ‘ಐ ಆ್ಯಮ್ ಕೋಲ್ಡ್’. ಅಂದರೆ ಚಳಿ ಆದವಳು ‘ನಾನು’. ಆದ್ದರಿಂದ ನೋಟ್ಸಿನಲ್ಲಿ ಇದನ್ನೊಂದು ವಿಚಿತ್ರ ಅಪವಾದವೆಂದು ಹೇಳಿ, ಇಂಥ ಹತ್ತು ವಾಕ್ಯಗಳನ್ನು ಬಾಯಿಪಾಠ ಮಾಡಿ ಎಂದು ಬರೆಸಿದ್ದರು. ನಾನು ಕೇಳಿದೆ: "ಏನವಾ, ಚಳಿ ಆದ್ರ ನೀ ಮನ್ಯಾಗ ಏನಂತಿ?" "ಮುಜೆ ಠಂಡ್ ಲಗ್‌ರಾ ಅಂತೀನ್ರಿ." "ಓಣ್ಯಾಗ?" "ನನಗ ಥಂಡಿ ಆಗೇತಿ ಅಂತೀನ್ರಿ." "ಹಂಗಾದ್ರ ನಿನಗ ಇದು ಆಗಲೇ ಬರತೈತಲ್ಲ!" ಹುಡುಗಿ ಸ್ವಲ್ಪ ಹೊತ್ತು ಪುಸ್ತಕವನ್ನೇ ನೋಡುತ್ತ ಕೂತಳು. ಮನೆಯ ದಖನಿಯಲ್ಲೂ ಇರುವ, ಓಣಿಯ ಕನ್ನಡದಲ್ಲೂ ಇರುವ ಒಂದು ವಾಕ್ಯಕ್ರಮವನ್ನು ಇಂಗ್ಲಿಷಿನ ಗೋಡೆ ಹಾರಿ ಬಂದು ಹೊಸದಾಗಿ ಕಲಿಯಬೇಕಾಗಿತ್ತು ಆಕೆ.

ಹುಡುಕುತ್ತಾ ಹೋದಂತೆ ಇಂಥವು ಒಂದರ ಹಿಂದೊಂದು ಸಿಕ್ಕವು. ಜರ್ಮನಿನಲ್ಲಿ ಆತ್ಮೀಯರಿಗೆ ‘ದೂ’, ಹೊರಗಿನವರಿಗೆ ‘ಜೀ’. ಇಂಗ್ಲಿಷಿನಲ್ಲಿ ಎರಡಕ್ಕೂ ‘ಯೂ’ ಒಂದೇ ಆದ್ದರಿಂದ ನೋಟ್ಸಿನಲ್ಲಿ ಅದಕ್ಕೆ ಅರ್ಧ ಪುಟದ ವಿವರಣೆ. ನೀ, ನೀವು, ಮೇಲೊಂದು ‘ರೀ’ ಇಟ್ಟುಕೊಂಡು ಬಾಳುವ ಧಾರವಾಡದವರಿಗೆ, ತೂ, ತುಮ್, ಆಪ್ ಎಂಬ ಮೂರು ಮೆಟ್ಟಿಲು ಇಟ್ಟುಕೊಂಡವರಿಗೆ ಈ ಅರ್ಧ ಪುಟ ಯಾಕೆ ಬೇಕು? ಕಾರಣ ಹೇಳುವ ವಾಕ್ಯದಲ್ಲಿ ಜರ್ಮನ್ ಕ್ರಿಯಾಪದ ಕೊನೆಗೆ ಹೋಗುತ್ತದೆ. ಇಂಗ್ಲಿಷಿನಿಂದ ಬಂದವನಿಗೆ ಅದು ತಲೆಕೆಳಗಾದ ವಾಕ್ಯ, ಕನ್ನಡಿಗನಿಗೆ ಮನೆಗೆ ಬಂದ ಹಾಗೆ. ಸಂಖ್ಯೆಗಳಲ್ಲಿ ಮಾತ್ರ ಕನ್ನಡ ಸಹಾಯಕ್ಕೆ ಬರುವುದಿಲ್ಲ. ಇಪ್ಪತ್ತೊಂದಕ್ಕೆ ಜರ್ಮನರು ‘ಒಂದು-ಮತ್ತು-ಇಪ್ಪತ್ತು’ ಎನ್ನುತ್ತಾರೆ. ಆದರೆ ದಖನಿಯ ಇಕ್ಕೀಸ್, ಬಾವೀಸ್ ಕೂಡ ಬಿಡಿಯನ್ನು ಮೊದಲು ಹೇಳಿ ಹತ್ತನ್ನು ಆಮೇಲೆ ಹೇಳುವಂಥವೇ.

ಉಚ್ಚಾರದ ಮಾತು ಇನ್ನೂ ಸೊಗಸಾಗಿದೆ. ಜರ್ಮನಿನ ‘ಬೂಖ್’ (ಪುಸ್ತಕ), ‘ನಾಖ್ಟ್’ (ರಾತ್ರಿ) ಪದಗಳಲ್ಲಿ ಗಂಟಲಿನಿಂದ ಉಜ್ಜಿಕೊಂಡು ಬರುವ ಒಂದು ಖಕಾರವಿದೆ. ಕನ್ನಡದಲ್ಲಿ ಅದು ಇಲ್ಲ, ಇಂಗ್ಲಿಷಿನಲ್ಲೂ ಇಲ್ಲವೆನ್ನಬಹುದು. ಕ್ಲಾಸಿನ ಬಹುತೇಕರು ‘ಬುಕ್’, ‘ನಕ್ಟ್’ ಎನ್ನುತ್ತಾರೆ. ಆದರೆ ಖಬರ್, ಖರ್ಚ್ ಎನ್ನುವಾಗ ನಮ್ಮ ಮುಸ್ಲಿಂ ಮನೆಗಳಲ್ಲಿ ಹೊರಡುವ ಸದ್ದು ಅದೇ. ದಖನಿಯವರು ಕಲಮ್ ಎಂಬುದನ್ನೂ ಆ ಗಂಟಲ ಖಕಾರ ಹಚ್ಚಿ ‘ಖಲಮ್’ ಎನ್ನುತ್ತಾರೆಂದು ಉತ್ತರದ ಉರ್ದುವಿನವರು ಹಿಂದಿನಿಂದ ಗೇಲಿ ಮಾಡಿಕೊಂಡು ಬಂದಿದ್ದಾರೆ. ಆ ಗೇಲಿಗೆ ಗುರಿಯಾದ ಸದ್ದೇ ಇಲ್ಲಿ ಆಸ್ತಿ. ‘ಜೀ’ ಎಂಬುದರ ಜಕಾರವೂ ನಮ್ಮ ‘ಜನ’ದ ಜ ಅಲ್ಲ, ನಮಾಜಿನ ಜ. ಹುಬ್ಬಳ್ಳಿಯ ಕ್ಲಾಸಿನಲ್ಲಿ ಈ ಸದ್ದುಗಳನ್ನು ಮೊದಲ ದಿನವೇ ಸರಿಯಾಗಿ ಆಡಿದವಳು ಈಕೆಯೊಬ್ಬಳೇ ಇರಬೇಕು. ಅದು ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಆಕೆಗೂ ಗೊತ್ತಾಗಲಿಲ್ಲ.

ಲಿಂಗದ ವಿಷಯಕ್ಕೆ ಬರುವಾಗ ನಾನು ಸ್ವಲ್ಪ ತಡವರಿಸುತ್ತೇನೆ, ಯಾಕೆಂದರೆ ಇಲ್ಲಿ ನನ್ನದೂ ಒಂದು ತಪ್ಪಿದೆ. ಜರ್ಮನಿನಲ್ಲಿ ಎಲ್ಲ ವಸ್ತುಗಳಿಗೂ ಲಿಂಗವಿದೆ. ಮೇಜು ಗಂಡು, ದೀಪ ಹೆಣ್ಣು, ಪುಸ್ತಕ ನಪುಂಸಕ. ಡೆರ್, ಡೀ, ಡಾಸ್ ಎಂದು ಹಿಂದೆ ಹಚ್ಚಬೇಕು. ಕನ್ನಡದಲ್ಲಿ ಮನುಷ್ಯರಿಗೆ ಅವನು, ಅವಳು, ವಸ್ತುವೆಲ್ಲ ‘ಅದು’. ಹೀಗಾಗಿ ಕನ್ನಡದ ಮಕ್ಕಳಿಗೆ ಇದು ದೊಡ್ಡ ಕಗ್ಗಂಟು. ದಖನಿಯಲ್ಲಿ ಹಾಗಲ್ಲ. ಮೇರಾ ಘರ್, ಮೇರಿ ಕಿತಾಬ್. ಗಾಡಿ ಹೆಣ್ಣು. ಕನ್ನಡದ ನೆರೆಯಲ್ಲಿ ಬಾಳಿ ದಖನಿಯ ಈ ಕಟ್ಟು ಅಲ್ಲಲ್ಲಿ ಸಡಿಲಾಗಿದ್ದರೂ ವಸ್ತುವಿಗೆ ಲಿಂಗವಿರುತ್ತದೆ ಎಂಬ ತಿಳಿವಳಿಕೆ ಆ ಮನೆಯ ಮಗುವಿಗೆ ಹಾಲಿನ ಜೊತೆ ಬಂದಿರುತ್ತದೆ. ಯಾವುದಕ್ಕೆ ಯಾವ ಲಿಂಗ ಎಂಬುದು ಎರಡೂ ಭಾಷೆಗಳಲ್ಲಿ ಹೊಂದುವುದಿಲ್ಲ, ಅದನ್ನು ಕಲಿಯಲೇಬೇಕು. ಆದರೆ ಲಿಂಗ ಯಾಕೆ ಎಂಬ ಪ್ರಶ್ನೆ ಆ ಮಗುವಿಗೆ ಏಳುವುದಿಲ್ಲ.

ಅದೇ ಮಗು ನನ್ನ ಕನ್ನಡ ತರಗತಿಯಲ್ಲಿ ಕೂತಾಗ ಏನಾಗುತ್ತಿತ್ತು? "ಸರ್, ಗಾಡಿ ಬಂದ್ಳು" ಎನ್ನುತ್ತಿತ್ತು. ತರಗತಿ ಗೊಳ್ಳೆಂದು ನಗುತ್ತಿತ್ತು. ನಾನೂ ನಕ್ಕಿದ್ದೇನೆ. ಕಂಪನಿ ನಾಟಕದಲ್ಲಿ, ಸಿನೆಮಾದಲ್ಲಿ ಸಾಬರ ಪಾತ್ರ ಬಂದ ಕೂಡಲೇ ‘ನಮ್ದುಕೆ ನಿಮ್ದುಕೆ’ ಎನಿಸಿ ಚಪ್ಪಾಳೆ ಗಿಟ್ಟಿಸುವ ಪದ್ಧತಿ ನಮ್ಮಲ್ಲಿದೆಯಲ್ಲ, ಅದರ ಒಂದು ಚೂರು ನನ್ನ ತರಗತಿಗೂ ಬಂದಿತ್ತು. ‘ಗಾಡಿ ಬಂದ್ಳು’ ಎಂಬುದರ ಹಿಂದೆ ಅಜ್ಞಾನವಿರಲಿಲ್ಲ, ಇನ್ನೊಂದು ವ್ಯಾಕರಣವಿತ್ತು ಎಂದು ಹೇಳಿಕೊಡಬೇಕಾದವನು ನಾನೇ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಹೇಳಲಿಲ್ಲ. ಹೀಗೆ ನಗೆಗೀಡಾದ ಎಷ್ಟೋ ಮಕ್ಕಳು ಬಾಯಿ ಮುಚ್ಚಿಕೊಂಡು ಹಿಂದಿನ ಸಾಲಿಗೆ ಹೋದರು. ಈ ಹುಡುಗಿಯೂ ಹಿಂದಿನ ಸಾಲಿನವಳೇ. ಜರ್ಮನ್ ಪುಸ್ತಕ ಹಿಡಿದುಕೊಂಡು ಬಂದಾಗಲೇ ನನಗದು ನೆನಪಾದದ್ದು.

ಆದ್ದರಿಂದ ಪಠ್ಯಗಳ ಬಗ್ಗೆ ನಡೆಯುವ ನಮ್ಮ ಚರ್ಚೆಗಳ ಬಗ್ಗೆ ನನಗೊಂದು ಅಸಮಾಧಾನವಿದೆ. 2022ರಲ್ಲಿ ಕರ್ನಾಟಕದ ಶಾಲಾ ಪಠ್ಯ ಪರಿಷ್ಕರಣೆಯ ದೊಡ್ಡ ಜಗಳ ಆಯಿತು, 2023ರಲ್ಲಿ ಸರ್ಕಾರ ಬದಲಾಗಿ ಕೆಲವು ಪಾಠಗಳು ಹೊರಗೆ ಹೋದವು, ಕೆಲವು ಮರಳಿದವು. ಯಾವ ಪಾಠ ಇರಬೇಕು ಎಂಬ ಜಗಳ ಅಗತ್ಯವೇ. ಆದರೆ ಅದರಲ್ಲಿ ಮಗುವಿನ ಬಾಯಲ್ಲಿರುವ ಭಾಷೆಯ ಮಾತು ಎಷ್ಟು ಸಲ ಬಂತು? ಪಾಠದಲ್ಲೊಂದು ರಹೀಮನ ಹೆಸರು ಇದ್ದು, ರಹೀಮ ಬಾಯಿ ತೆರೆದ ಕೂಡಲೇ ತರಗತಿ ನಗುವುದಾದರೆ ಆ ಹೆಸರಿನಿಂದ ಏನು ಬಂತು? ಜರ್ಮನಿಯವರು ಈಗ ಲಿಂಗಸಮಾನತೆಗೆಂದು ಪದದ ನಡುವೆ ಒಂದು ನಕ್ಷತ್ರ ಚಿಹ್ನೆ ಹಾಕಬೇಕೋ ಬೇಡವೋ ಎಂದು ಹೊಡೆದಾಡುತ್ತಿದ್ದಾರೆ. ಬವೇರಿಯಾ ರಾಜ್ಯ 2024ರ ಏಪ್ರಿಲಿನಿಂದ ಶಾಲೆ, ಕಚೇರಿಗಳಲ್ಲಿ ಅದನ್ನು ನಿಷೇಧಿಸಿತು. ಅವರ ಜಗಳ ಅವರಿಗೆ ದೊಡ್ಡದು. ನಮ್ಮ ‘ಅವರು’ ಎಂಬ ಪುಟ್ಟ ಪದ ಆ ಕೆಲಸವನ್ನು ಸದ್ದಿಲ್ಲದೆ ಮಾಡಿಕೊಂಡು ಬಂದಿದೆ ಎಂದು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಜರ್ಮನಿಗೂ ಧಾರವಾಡಕ್ಕೂ ನಡುವೆ ಇಂಗ್ಲಿಷು ನಿಂತದ್ದು ಇಂದು ನಿನ್ನೆಯದಲ್ಲ. ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದರು. ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70,000 ಪದಗಳು. ಬರೆದವರು ಜರ್ಮನ್, ಬರೆದದ್ದು ಕನ್ನಡ, ಅರ್ಥ ಕೊಟ್ಟದ್ದು ಇಂಗ್ಲಿಷಿನಲ್ಲಿ. ಆಗ ಆಳುತ್ತಿದ್ದವರ ಭಾಷೆ ಅದು. 1903ರಲ್ಲಿ ಬಂದ ಅವರ ವ್ಯಾಕರಣವೂ ಇಂಗ್ಲಿಷಿನಲ್ಲೇ. ಮಿಷನ್ನಿನ ಉದ್ದೇಶವೇನೆಂದು ನಮಗೆ ತಿಳಿಯದ್ದಲ್ಲ, ಅವರ ಶಾಲೆಗಳನ್ನು ಬರೀ ಜ್ಞಾನದಾನವೆಂದು ಹೊಗಳುವವನೂ ನಾನಲ್ಲ. ಆದರೆ ನಿಘಂಟುಕಾರರಾಗಿ ಕಿಟೆಲ್ ಒಂದು ಕೆಲಸ ಮಾಡಿದರು. ನಮ್ಮ ಭಾಗದಲ್ಲಿ ಮಾತ್ರ ಆಡುವ ಪದಕ್ಕೆ, ಆಗ ದಕ್ಷಿಣ ಮರಾಠಾ ಸೀಮೆ ಎನಿಸಿಕೊಂಡಿದ್ದ ಈ ನಾಡಿನ ಗುರುತು ಹಾಕಿ ಒಳಗೆ ಕೂಡಿಸಿದರು. ಕಚೇರಿ, ಸಂತೆ, ಹೊಲಗಳಿಂದ ಬಂದ ಹಿಂದೂಸ್ತಾನಿ ಪದಗಳಿಗೂ ಗುರುತು ಹಾಕಿ ಕೂಡಿಸಿದರು. ಇದು ಶುದ್ಧವಲ್ಲ, ಅದು ಗ್ರಾಮ್ಯ ಎಂದು ಬಾಗಿಲಲ್ಲಿ ತಡೆಯಲಿಲ್ಲ. ಅವರ ಹೆಸರಿನ ಕಾಲೇಜು ಧಾರವಾಡದಲ್ಲಿದೆ, ನಿಘಂಟು ನಮ್ಮ ಶಾಲೆಯ ಕಪಾಟಿನಲ್ಲೂ ಇತ್ತು. ನಾನು ಅದನ್ನು ಪದದ ಅರ್ಥಕ್ಕೆ ತೆರೆದೆನೇ ಹೊರತು ಆ ಗುರುತುಗಳಿಗೆ ತೆರೆಯಲಿಲ್ಲ.

ಇದೇ ಜಿಲ್ಲೆಯ ಕುಂದಗೋಳದ ಸವಾಯಿ ಗಂಧರ್ವರು ಅಬ್ದುಲ್ ಕರೀಂ ಖಾನರ ಶಿಷ್ಯರು. ಅವರಿಂದ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತರು. ಗುರುವಿನ ಮನೆಮಾತು ಒಂದು, ಶಿಷ್ಯರದ್ದು ಇನ್ನೊಂದು, ಹಾಡುವ ಚೀಜಿನ ಭಾಷೆ ಮತ್ತೊಂದು. ನಡುವೆ ಇಂಗ್ಲಿಷು ಬೇಕಾಗಲಿಲ್ಲ. ಸಂಗೀತದ ಮಾತು ಬೇರೆ ಎನ್ನುತ್ತೀರಿ, ಒಪ್ಪಿದೆ. ಆದರೂ ನೆನಪಾಗುತ್ತದೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಜರ್ಮನ್ ಕಲಿಯಲು ಬರುವ ಅಣ್ಣಿಗೇರಿ, ಕಲಘಟಗಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲಿ ಬರೆದ ಒಂದು ನಲವತ್ತು ಪುಟದ ಕೈಪಿಡಿ ಸಾಕು. ಅದರಲ್ಲಿ ದಖನಿಯ ಉದಾಹರಣೆಗಳೂ ಇರಲಿ, ಮರಾಠಿ, ಲಂಬಾಣಿ ಮನೆಮಾತಿನವರಿದ್ದರೆ ಅವರವೂ ಇರಲಿ. ಜರ್ಮನಿಯಿಂದ ಬಂದ ಪುಸ್ತಕವನ್ನು ಬದಲಿಸಬೇಕಾಗಿಲ್ಲ, ಅದರ ಪಕ್ಕದಲ್ಲಿ ಇದನ್ನು ಇಟ್ಟುಕೊಂಡರಾಯಿತು. ಕೆಲಸ ಯಾರದ್ದು ಎಂದರೆ, ನನ್ನಂಥ ನಿವೃತ್ತ ಮೇಷ್ಟರದ್ದೂ ಹೌದು. ಹುಡುಗಿಯ ಜೊತೆ ಕೂತು ಹದಿನೆಂಟು ಪುಟ ಮಾಡಿದ್ದೇವೆ.

ಮೊನ್ನೆ ಕಸುಬಿನ ಪಾಠ ನಡೆದಿತ್ತು. ನಿನ್ನ ತಾಯಿ ಏನು ಕೆಲಸ ಮಾಡುತ್ತಾಳೆ ಎಂಬ ಪ್ರಶ್ನೆಗೆ ಪುಸ್ತಕ ಕೊಟ್ಟಿದ್ದು ಶಿಕ್ಷಕಿ, ಡಾಕ್ಟರು, ಗೃಹಿಣಿ. ಆಕೆ ಕ್ಲಾಸಿನಲ್ಲಿ ಗೃಹಿಣಿ ಎಂದು ಬರೆದುಬಿಟ್ಟಿದ್ದಳು. ನೇಯುವ ಹೆಂಗಸಿಗೆ ಜರ್ಮನಿನಲ್ಲಿ ‘ವೇಬರಿನ್’ ಎಂಬ ಪದ ಇದೆಯೆಂದು ತೋರಿಸಿದೆ. ಗಂಡಸಾದರೆ ವೇಬರ್. ನಮ್ಮ ಕನ್ನಡದಲ್ಲಿ ನೇಕಾರ ಉಂಟು, ಅದಕ್ಕೆ ಹೆಣ್ಣಿನ ರೂಪ ನನಗೆ ತಟ್ಟನೆ ಹೊಳೆಯಲಿಲ್ಲ. ಜಮಖಾನಾ ನೇಯುವವರು ಹೆಣ್ಣುಮಕ್ಕಳೇ ಇರುವ ಊರಿನಲ್ಲಿ ಕನ್ನಡ ಕಲಿಸಿದವನ ಗತಿ ಇದು. ಹುಡುಗಿ ಗೃಹಿಣಿಯನ್ನು ಹೊಡೆದುಹಾಕಿ ವೇಬರಿನ್ ಬರೆದಳು. ಮುಂದಿನ ವಾಕ್ಯಕ್ಕೆ ಜಮಖಾನಾ ಬೇಕಾಯಿತು. ನಿಘಂಟಿನಲ್ಲಿ ಕಂಬಳಿಗಾಲಿಚಕ್ಕೆಲ್ಲ ಸೇರಿ ‘ಟೆಪ್ಪಿಷ್’ ಎಂಬ ಪದವಿತ್ತು. ಆಕೆ ಒಪ್ಪಲಿಲ್ಲ. ಗಾಲಿಚಾ ಬೇರೆ, ಜಮಖಾನಾ ಬೇರೆ ಎಂದು ವಾದಿಸಿ ಜಮಖಾನಾ ಎಂದೇ ಬರೆದಳು. ಹಾಗಾದರೆ ಅದಕ್ಕೆ ಡೆರ್ ಹಚ್ಚಬೇಕೋ, ಡೀಯೋ, ಡಾಸೋ ಎಂದು ಕೇಳಿದೆ.

"ಡೆರ್ ರೀ."

"ಯಾಕ?"

"ಮನ್ಯಾಗ ಜಮಖಾನಾ ಬಿಛಾಯಾ ಅಂತೀವ್ರಿ ಸರ್. ಬಿಛಾಯೀ ಯಾರೂ ಅನ್ನೂದಿಲ್ಲ."